ತೊಟ್ಟು ಇಟ್ಟ ಪುಟದ ಆಚೆ

ಹತ್ತು ಹೆಂಗಸರು ಕೂಡಿ ಒಂದು ಸುಗ್ಗಿಯುದ್ದಕ್ಕೂ ಉಣ್ಣಬೇಕಾದ್ದನ್ನು ನಾನೊಬ್ಬಳೇ ಒಂದು ದಿನದಲ್ಲಿ ನುಂಗಿದೆ. ಆದದ್ದು ಇಷ್ಟೇ. ಆಮೇಲೆ ಜನ ಅದಕ್ಕೆ ಬೇರೆ ಬೇರೆ ಬಣ್ಣ ಹಚ್ಚಿದರು. ರೈಲು ತಡವಾದ್ದರಿಂದ ಹಾಗಾಯಿತು ಎಂದಳು ಮಗಳು. ವಯಸ್ಸಾಯಿತು, ಮನಸ್ಸು ತಡೆಯಲಿಲ್ಲ ಎಂದಳು ಸೊಸೆ. ರೈಲಿನದೂ ತಪ್ಪಿಲ್ಲ, ವಯಸ್ಸಿನದೂ ತಪ್ಪಿಲ್ಲ. ಕಾದಂಬರಿ ಚೆನ್ನಾಗಿತ್ತು, ಕೈಯಲ್ಲಿತ್ತು, ಓದಿದೆ.

ಹಾವೇರಿ ಜಿಲ್ಲೆಯಾಗಿ ಆಗ ಆರೇಳು ವರ್ಷವಾಗಿರಬೇಕು. ನಾನು ಬ್ಯಾಡಗಿಯಲ್ಲಿ ಒಬ್ಬ ವ್ಯಾಪಾರಿಯ ತಗಡಿನ ಶೆಡ್ಡಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಒಣಗಿದ ಕಾಯಿಯ ರಾಶಿಯ ಸುತ್ತ ಕುಳಿತು ಒಂದೊಂದೇ ಕಾಯಿಯ ತೊಟ್ಟು ಮುರಿದು ಬುಟ್ಟಿಗೆ ಹಾಕುವುದು. ಸಂಕ್ರಾಂತಿಯ ಹಿಂದೆ ಮುಂದೆ ಶುರುವಾದರೆ ಯುಗಾದಿ ಕಳೆಯುವವರೆಗೂ ಕೆಲಸ. ಆ ಕೆಲಸಕ್ಕೆ ಬುದ್ಧಿ ಬೇಕಾಗಿಲ್ಲ, ಬೆರಳು ಬೇಕು. ಸೀನು ತಡೆದುಕೊಳ್ಳುವುದಕ್ಕೆ ಮೂಗಿಗೆ ಸೆರಗು ಬೇಕು. ಮೊದಲ ವಾರ ಕೈ ಉರಿಯುತ್ತದೆ. ಆಮೇಲೆ ಉರಿಯುವುದಿಲ್ಲ ಎಂದಲ್ಲ, ಉರಿ ನಮ್ಮದೇ ಆಗಿಬಿಡುತ್ತದೆ.

ನಮ್ಮ ರಾಶಿಗೆ ನಾವು ಹತ್ತು ಜನ. ಅದರಲ್ಲಿ ಓದು ಬರುತ್ತಿದ್ದದ್ದು ಇಬ್ಬರಿಗೆ. ಒಬ್ಬಳು ನಾನು, ನಾಲ್ಕನೇ ಇಯತ್ತೆಯವರೆಗೆ ಹೋದವಳು. ನಾಲ್ಕಕ್ಕೆ ಬಿಡಿಸಿದರೂ ಅಕ್ಷರ ನನ್ನನ್ನು ಬಿಡಲಿಲ್ಲ. ಕಿರಾಣಿ ಅಂಗಡಿಯಿಂದ ಬಂದ ಪೊಟ್ಟಣ ಬಿಚ್ಚಿದರೆ ಬೇಳೆಯನ್ನು ಡಬ್ಬಿಗೆ ಹಾಕುವ ಮೊದಲು ಕಾಗದ ಓದುತ್ತಿದ್ದೆ. ಅರ್ಧ ಸುದ್ದಿ ಒಂದು ಪೊಟ್ಟಣದಲ್ಲಿ ಬಂದರೆ ಉಳಿದರ್ಧ ಯಾರ ಮನೆಗೆ ಹೋಯಿತೋ ಎಂದು ಅನ್ನಿಸುತ್ತಿತ್ತು. ಗಂಡ ಇದ್ದಾಗ ಇದಕ್ಕೆ ಬೈಯಲಿಲ್ಲ, ಹೊಗಳಲೂ ಇಲ್ಲ. ಇನ್ನೊಬ್ಬಳು ರಾಣೇಬೆನ್ನೂರಿನಿಂದ ಮದುವೆಯಾಗಿ ಬಂದ, ಮಸೀದಿ ಓಣಿಯ ಸೊಸೆ. ಉರ್ದು ಶಾಲೆಯಲ್ಲಿ ಏಳನೆಯವರೆಗೆ ಕಲಿತಿದ್ದಳು. ಕನ್ನಡ ಮಾತು ನಮ್ಮಷ್ಟೇ ಚುರುಕು, ಓದು ಮಾತ್ರ ಒಂದೊಂದೇ ಅಕ್ಷರ ಕೂಡಿಸಿ. ಅವಳನ್ನು ಯಾರೂ ಓದು ಎಂದು ಕೇಳಿರಲಿಲ್ಲ. ನಾನಿದ್ದೆನಲ್ಲ.

ಕಾದಂಬರಿ ಸಿಕ್ಕಿದ್ದು ರದ್ದಿಯಲ್ಲಿ. ಕಾಯಿಯ ಮಾದರಿ ಕಟ್ಟಿ ಕಳಿಸಲು ವ್ಯಾಪಾರಿ ಹಳೆಯ ಕಾಗದ ತರಿಸುತ್ತಿದ್ದ. ಆ ಗಂಟಿನಲ್ಲಿ ಹೊದಿಕೆ ಕಿತ್ತ ಒಂದು ಪುಸ್ತಕವಿತ್ತು. ಮೊದಲಿನ ಪುಟಗಳಿರಲಿಲ್ಲ, ಹಿಂದಿನ ರಟ್ಟೂ ಇರಲಿಲ್ಲ. ಕಥೆಯ ಹೆಸರೇನು, ಬರೆದವರು ಗಂಡಸೋ ಹೆಂಗಸೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಿಂತಲ್ಲೇ ಅರ್ಧ ಪುಟ ಓದಿದೆ. ಗುಮಾಸ್ತ ಅದನ್ನು ಹರಿಯಲು ಕೈಚಾಚಿದ. ಕೊಡಲಿಲ್ಲ.

ಅದು ಬಟ್ಟೆ ಹೊಲಿಯುವ ಒಬ್ಬ ಹೆಂಗಸಿನ ಕಥೆ. ಗಂಡ ಸತ್ತ ಮೇಲೆ ಅವನ ಮಶೀನಿನ ಮುಂದೆ ಕುಳಿತು ಊರಿನ ಕುಪ್ಪಸಗಳನ್ನೆಲ್ಲ ಹೊಲಿಯುತ್ತಾಳೆ. ಒಂದು ದಿನ ಗುರುತಿಲ್ಲದ ಹುಡುಗಿಯೊಬ್ಬಳು ಹಸಿರು ಖಣ ತಂದು, ಅಳತೆ ಕೊಟ್ಟು, ಮೂರು ದಿನಕ್ಕೆ ಬರುತ್ತೇನೆಂದು ಹೋಗುತ್ತಾಳೆ. ಬರುವುದಿಲ್ಲ. ದರ್ಜಿ ಹೆಂಗಸು ಆ ಕುಪ್ಪಸವನ್ನು ಯಾರಿಗೂ ಕೊಡದೆ ಪೆಟ್ಟಿಗೆಯಲ್ಲಿ ಇಡುತ್ತಾಳೆ. ವರ್ಷಕ್ಕೊಮ್ಮೆ ತೆಗೆದು, ಆ ಹುಡುಗಿಗೆ ಇಷ್ಟು ವಯಸ್ಸಾಗಿರಬೇಕು, ಮೈ ಇಷ್ಟು ತುಂಬಿರಬೇಕು ಎಂದು ಲೆಕ್ಕ ಹಾಕಿ, ಪಕ್ಕದ ಹೊಲಿಗೆ ಬಿಚ್ಚಿ ಒಂದು ನೂಲಿನಷ್ಟು ಸಡಿಲಿಸುತ್ತಾಳೆ. ಬೇರೆ ಜನ ಬರುತ್ತಾರೆ ಹೋಗುತ್ತಾರೆ, ಜಗಳ, ಮದುವೆ, ಸಾವು ಎಲ್ಲ ಇದೆ. ಆದರೆ ನಮ್ಮ ರಾಶಿಯ ಹೆಂಗಸರಿಗೆ ಬೇಕಾದದ್ದು ಒಂದೇ: ಆ ಹುಡುಗಿ ಕುಪ್ಪಸಕ್ಕೆ ಬರುತ್ತಾಳೋ ಇಲ್ಲವೋ.

ಓದುವುದಕ್ಕೆ ನಮ್ಮಲ್ಲಿ ಒಂದು ಕಟ್ಟು ಬಿತ್ತು. ಬೆಳಿಗ್ಗೆ ಕೆಲಸಕ್ಕೆ ಕುಳಿತ ಮೊದಲ ತಾಸು ಓದು. ಆಮೇಲೆ ತೂಕದವರ ಗದ್ದಲ ಶುರುವಾಗಿ ಏನೂ ಕೇಳುವುದಿಲ್ಲ. ಓದುವಾಗ ಕಾಯಿ ಮುಟ್ಟುವಂತಿಲ್ಲ, ಮುಟ್ಟಿದರೆ ಪುಟ ಕೆಂಪಾಗುತ್ತದೆ. ಕೂಲಿ ಸಿಗುವುದು ಬುಟ್ಟಿಯ ಲೆಕ್ಕದಲ್ಲಿ. ಹಾಗಾದರೆ ನನ್ನ ಬುಟ್ಟಿ ತುಂಬುವುದು ಹೇಗೆ? ಉಳಿದ ಒಂಬತ್ತು ಜನ ಬಿಡಿಸಿದ್ದರಲ್ಲಿ ಒಂದೊಂದು ಬೊಗಸೆ ನನ್ನ ಬುಟ್ಟಿಗೆ ಹಾಕಬೇಕು. ಅದಕ್ಕೆ ಓದೋ ಬುಟ್ಟಿ ಎಂದು ಹೆಸರಿಟ್ಟರು. ಈ ಕಟ್ಟು ಮಾಡಿದವಳು ನನ್ನ ಎದುರಿಗೆ ಕೂರುವ ಗೆಳತಿ. ಇಪ್ಪತ್ತು ಸುಗ್ಗಿ ನಾವಿಬ್ಬರೂ ಒಂದೇ ರಾಶಿಗೆ ಎದುರುಬದುರು ಕುಳಿತವರು. ಅವಳಿಗೆ ಒಂದಕ್ಷರ ಬರುವುದಿಲ್ಲ. ಬಾಯಿ ಮಾತ್ರ ಮೆಣಸಿನಕಾಯಿಗಿಂತ ಖಾರ.

ದಿನಾ ನನ್ನ ಕೈ ತೊಳೆಸುತ್ತಿದ್ದವಳೂ ಅವಳೇ. ಮೊದಲು ಒಂದು ಹನಿ ಎಣ್ಣೆ ತಿಕ್ಕಿ, ಆಮೇಲೆ ಮಜ್ಜಿಗೆ, ಆಮೇಲೆ ನೀರು. ಬರೇ ನೀರಿಗೆ ಆ ಬಣ್ಣ ಹೋಗುವುದಿಲ್ಲ, ಹರಡುತ್ತದೆ. ಓದು ಮುಗಿದ ಮೇಲೆ ಪುಟದಲ್ಲಿ ಗುರುತಿಗೆ ಮೆಣಸಿನಕಾಯಿಯ ಒಂದು ತೊಟ್ಟು ಇಟ್ಟು ಪುಸ್ತಕ ಮುಚ್ಚುವುದೂ ಅವಳ ಕೆಲಸ. ದಿನಕ್ಕೆ ನಾಲ್ಕು ಪುಟ, ಹೆಚ್ಚೆಂದರೆ ಐದು. ಯಾರಾದರೂ ಸೀನಿದರೆ ಆ ವಾಕ್ಯ ಮತ್ತೊಮ್ಮೆ.

"ಇಷ್ಟಿಷ್ಟ ಓದಿದ್ರ ಯುಗಾದಿಗೆ ಮುಗೀತೈತಿ ನೋಡು. ಸುಗ್ಗಿನೂ ಮುಗೀತೈತಿ, ಕಥಿನೂ ಮುಗೀತೈತಿ," ಎಂದು ಅವಳು ಪುಸ್ತಕದ ದಪ್ಪವನ್ನು ಬೆರಳಲ್ಲಿ ಹಿಡಿದು ಅಳೆಯುತ್ತಿದ್ದಳು.

"ಮುಂದಿಂದು ಒಂದೀಟ ನೋಡಿ ಹೇಳ ಬೇ, ಬರ್ತಾಳೋ ಇಲ್ಲೋ," ಎಂದು ಯಾರಾದರೂ ಕೇಳಿದರೆ ನನಗಿಂತ ಮೊದಲು ಅವಳೇ ಬೈಯುತ್ತಿದ್ದಳು.

"ಬಸರಿದ್ದಾಗ ಹೊಟ್ಟಿ ಕೊಯ್ದು ನೋಡಿದ್ದೇನು ನೀ? ಸುಮ್ನ ಬಿಡಸು."

ಹೀಗೆ ಶಿವರಾತ್ರಿ ಕಳೆಯಿತು. ಪುಸ್ತಕ ಅರ್ಧಕ್ಕೆ ಬಂದಿರಲಿಲ್ಲ.

ಹಾವೇರಿಯಲ್ಲಿದ್ದ ಮಗಳಿಗೆ ವರ್ಷದ ಖಾರಪುಡಿಗೆ ಕಾಯಿ ಒಯ್ದು ಕೊಡುವುದು ನನ್ನ ಪದ್ಧತಿ. ಒಂದು ಬೆಳಿಗ್ಗೆ ಶೆಡ್ಡಿಗೆ ಹೋಗಿ, ವ್ಯಾಪಾರಿಯನ್ನು ಕೇಳಿ, ಒಳ್ಳೆಯ ಕಾಯಿಗಳನ್ನು ರಾಶಿಯಿಂದ ಕೈಯಾರೆ ಆರಿಸಿ ಚೀಲಕ್ಕೆ ತುಂಬಿದೆ. ರೈಲಿನ ಹೊತ್ತಾಗಿತ್ತು, ಅವತ್ತು ಓದು ಇಲ್ಲ ಎಂದೆ. ಗೆಳತಿ ತಲೆ ಎತ್ತಿದಳು.

"ಪುಸ್ತಕ ಇಲ್ಲೇ ಇಟ್ಟು ಹೋಗು. ನಾ ಚೀಲದಾಗ ಇಟ್ಕೊಂಡಿರ್ತೇನಿ."

"ಯಾಕ, ನನ್ನ ಮ್ಯಾಲ ನಂಬಿಗಿ ಇಲ್ಲೇನು?"

"ಐತಿ. ಅದಕ ಕೇಳಾಕತ್ತೇನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಪುಸ್ತಕ ಕೊಡಲಿಲ್ಲ. ಗುಮಾಸ್ತ ಹರಿದಾನು ಎಂದು ನೆವ ಹೇಳಿದೆ. ಹರಿಯುವವನಾಗಿದ್ದರೆ ಎಂದೋ ಹರಿಯುತ್ತಿದ್ದ.

ಹೋಗುವಾಗ ಓದಲಿಲ್ಲ, ಆ ಮಾತು ಹೇಳಿಬಿಡುತ್ತೇನೆ. ಹಾವೇರಿಯಲ್ಲಿ ಮಗಳ ಮನೆಗೆ ಹೋದೆ, ಕಾಯಿ ಕೊಟ್ಟೆ, ರೊಟ್ಟಿ ತಿಂದೆ. ಮಗು ಮಲಗಿತ್ತು, ಮಗಳು ಬಟ್ಟೆ ಒಗೆಯುತ್ತಿದ್ದಳು. ಇರು ಎಂದಳು. ಇದ್ದು ಮಾಡುವುದೇನು ಎಂದು ಎದ್ದು ಸ್ಟೇಷನ್ನಿಗೆ ಬಂದೆ. ಪ್ಯಾಸೆಂಜರ್ ಗಾಡಿ ತಡ. ಎಷ್ಟು ತಡ ಎಂದು ಕೇಳಿದರೆ ಕಿಟಕಿಯವನು ಬರುತ್ತದೆ ಎಂದ. ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕುಳಿತೆ. ಚೀಲ ಹಗುರವಾಗಿತ್ತು, ಅದರಲ್ಲಿ ಪುಸ್ತಕ ಒಂದೇ.

ಸುಮ್ಮನೆ ತೆಗೆದು ನೋಡಿದೆ. ತೊಟ್ಟು ಇದ್ದ ಪುಟ ತೆರೆದೆ. ಹಿಂದಿನ ದಿನ ಒಂದು ಕಡೆ ನಿಲ್ಲಿಸಿದ್ದೆ: ದರ್ಜಿ ಹೆಂಗಸಿನ ಅಂಗಡಿಯ ಬಾಗಿಲಲ್ಲಿ ಯಾರೋ ನಿಂತ ನೆರಳು. ಯಾರು ಎಂದು ಬರೆದದ್ದು ಮುಂದಿನ ಸಾಲಿನಲ್ಲಿ. ಮುಂದಿನ ಸಾಲು ಓದಿದೆ. ಹುಡುಗಿಯಲ್ಲ, ಹಾಲಿನವಳು. ಇಷ್ಟೇ ಅಲ್ಲವೇ ಎಂದುಕೊಂಡೆ. ಆದರೆ ಹಾಲಿನವಳು ಒಂದು ಸುದ್ದಿ ತಂದಿದ್ದಳು.

ಆ ಅಧ್ಯಾಯ ಮುಗಿದ ಮೇಲೆ ಮುಚ್ಚುವುದು ಎಂದು ಮಾಡಿಕೊಂಡೆ. ಅಧ್ಯಾಯ ಮುಗಿದಾಗ ಗಾಡಿ ಬಂತು. ಕೂತ ಮೇಲೆ ಇನ್ನೊಂದು ಪುಟ ಎಂದುಕೊಂಡೆ. ಮನೆಯಲ್ಲಿ ಉಪ್ಪಿನಕಾಯಿ ಜಾಡಿಗೆ ಕೈಹಾಕಿದ ಮಗುವಿಗೆ ಎಷ್ಟು ಸಲ ಹೊಡೆದಿದ್ದೇನೋ, ಆ ಮಗುವಿನ ಹಾಗೆ ಕುಳಿತು ಓದಿದೆ. ಒಬ್ಬಳೇ ಓದುವ ಓದು ಬೇರೆ. ಗಟ್ಟಿಯಾಗಿ ಓದುವಾಗ ನಾಲಿಗೆ ನಡೆದಷ್ಟೇ ಕಥೆ ನಡೆಯುತ್ತದೆ. ಮನಸ್ಸಿನಲ್ಲಿ ಓದಿದರೆ ಕಥೆ ಓಡುತ್ತದೆ, ನಾವು ಅದರ ಬಾಲ ಹಿಡಿದು ಓಡುತ್ತೇವೆ. ಅಲ್ಲಿ ಸೀನುವವರಿಲ್ಲ, ತಿರುಗಿ ಹೇಳು ಎನ್ನುವವರಿಲ್ಲ.

ಪುಟ ತಿರುವಲು ಬೆರಳನ್ನು ನಾಲಿಗೆಗೆ ಹಚ್ಚುವ ಅಭ್ಯಾಸ ನನಗೆ. ಮಗಳ ಮನೆಯಲ್ಲಿ ಬರೇ ನೀರಿನಲ್ಲಿ ಕೈ ತೊಳೆದಿದ್ದೆ. ಬೆಳಿಗ್ಗೆ ಆರಿಸಿದ ಕಾಯಿಯ ಬಣ್ಣ ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಹಾಗೇ ಇತ್ತು. ಪುಟಕ್ಕೊಮ್ಮೆ ತುಟಿ ಉರಿಯಿತು, ನಾಲಿಗೆ ಉರಿಯಿತು. ಬೆರಳು ನೋಡಿಕೊಳ್ಳಬೇಕಿತ್ತು. ನೋಡಲಿಲ್ಲ. ಬ್ಯಾಡಗಿ ಬಂತು, ಹೋಯಿತು. ನನಗೆ ತಿಳಿಯಲಿಲ್ಲ. ಎದುರಿಗೆ ಕುಳಿತಿದ್ದ ಹೆಂಗಸು ಕೇಳಿದಳು.

"ಎಲ್ಲಿಗೆ ಹೊಂಟೀರಿ, ಯವ್ವಾ?"

"ಬ್ಯಾಡಗಿಗೆ."

"ಬ್ಯಾಡಗಿ ಹಿಂದ ಉಳೀತಲ್ರಿ. ಇನ್ನ ರಾಣೇಬೆನ್ನೂರೇ."

ಹಾಗಾದರೆ ರಾಣೇಬೆನ್ನೂರು ಎಂದೆ. ಅವಳು ನನ್ನ ಮುಖ ನೋಡಿದಳು, ಪುಸ್ತಕ ನೋಡಿದಳು. ಪರೀಕ್ಷೆ ಐತೇನ್ರಿ ಎಂದು ಕೇಳಿದಳು. ಹೌದು ಎಂದೆ.

ರಾಣೇಬೆನ್ನೂರಿನಲ್ಲಿ ಇಳಿದು ತಿರುಗಿ ಹೋಗುವ ಗಾಡಿ ಸಂಜೆಗೆ ಎಂದು ಕೇಳಿದಾಗ ನನಗೆ ಬೇಸರವಾಗಬೇಕಿತ್ತು. ಆಗಲಿಲ್ಲ, ಒಳಗೊಳಗೇ ಸಂತೋಷವಾಯಿತು. ಬಸ್ಸಿಗೆ ಹೋಗಬಹುದಿತ್ತು. ಹೋಗಲಿಲ್ಲ. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನೆರಳಿರುವ ಬೆಂಚು ಹಿಡಿದು ಕುಳಿತೆ. ಉಳಿದ ಪುಟಗಳನ್ನು ಗೆಳತಿಯ ಹಾಗೆ ಎರಡು ಬೆರಳಲ್ಲಿ ಹಿಡಿದು ನೋಡಿದೆ. ಅದು ತೆಳ್ಳಗಾಗುತ್ತಾ ಬಂದಂತೆ ಮತ್ತೆ ಮತ್ತೆ ಹಿಡಿದು ಅಳೆದೆ. ಹಾಗಿದ್ದರೂ ಓದುವ ವೇಗ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಮನುಷ್ಯರ ಬುದ್ಧಿ ಅಷ್ಟೇ. ಮುಗಿಯಬಾರದು ಎನ್ನುವುದೂ ನಾನೇ, ಮುಗಿಸುತ್ತಿರುವುದೂ ನಾನೇ.

ಕೊನೆಯ ಪುಟ ಬಂತು. ಓದಿದೆ. ತಿರುವಿದೆ. ಕಥೆ ಅಲ್ಲಿಗೆ ಮುಗಿದಿತ್ತು. ಆಚೆ ಏನೂ ಇರಲಿಲ್ಲ, ರಟ್ಟು ಕಿತ್ತ ಜಾಗದಲ್ಲಿ ಗೋಂದಿನ ಕಲೆ ಮಾತ್ರ. ಎರಡು ಪುಟ ಅಂಟಿಕೊಂಡಿರಬಹುದೇ ಎಂದು ಉಗುರು ಹಾಕಿ ನೋಡಿದೆ. ಅಂಟಿರಲಿಲ್ಲ. ಕಣ್ಣು ಒರೆಸಿಕೊಂಡೆ. ಅದೇ ಕೈ, ಅದೇ ಖಾರ. ಕಣ್ಣು ಉರಿದು ನೀರು ಇಳಿಯಿತು. ಮೊದಲು ನೀರು ಬಂದು ಒರೆಸಿದೆನೋ, ಒರೆಸಿದ್ದಕ್ಕೆ ನೀರು ಬಂತೋ ಎಂದು ಕೇಳಬೇಡಿ. ಖಾರಕ್ಕೆ ಎಂದೇ ಇಟ್ಟುಕೊಳ್ಳಿ.

ನಳದಲ್ಲಿ ಮುಖ ತೊಳೆದು ಬಂದು ಮತ್ತೆ ಕುಳಿತೆ. ತೊಟ್ಟು ಇದ್ದ ಪುಟಕ್ಕೆ ತಿರುಗಿ ಹೋಗಿ ಮೊದಲಿನಿಂದ ಓದಲು ನೋಡಿದೆ. ಬಾಗಿಲಲ್ಲಿ ನಿಂತ ನೆರಳು. ಯಾರದೆಂದು ನನಗೆ ಗೊತ್ತು. ಮುಂದೆ ಏನು, ಅದರ ಮುಂದೆ ಏನು, ಎಲ್ಲ ಗೊತ್ತು. ಮುರಿದ ತೊಟ್ಟನ್ನು ಕಾಯಿಗೆ ತಿರುಗಿ ಹಚ್ಚಲು ಬರುತ್ತದೆಯೇ? ನಾನು ಅಷ್ಟು ಸಂತೋಷಪಟ್ಟ ದಿನ ಆ ವರ್ಷದಲ್ಲಿ ಇನ್ನೊಂದಿರಲಿಲ್ಲ. ಆ ಸಂತೋಷದ ಬಾಲಕ್ಕೇ ಅಷ್ಟು ಪಿಚ್ಚೆನ್ನಿಸಿದ ದಿನವೂ ಇರಲಿಲ್ಲ. ಗಾಡಿ ಬಂತು. ಈ ಸಲ ಪುಸ್ತಕ ತೆರೆಯಲಿಲ್ಲ, ಸರಿಯಾಗಿ ಬ್ಯಾಡಗಿಯಲ್ಲಿ ಇಳಿದೆ. ಸೊಸೆ ಯಾಕ ತಡ ಎಂದಳು. ಗಾಡಿ ಎಂದೆ. ಸುಳ್ಳಲ್ಲ, ಖರೆಯೂ ಅಲ್ಲ.

ಮರುದಿನ ಶೆಡ್ಡಿನಲ್ಲಿ ಗೆಳತಿ ಎಣ್ಣೆ ಹಚ್ಚಿ, ಮಜ್ಜಿಗೆ ಹಾಕಿ ನನ್ನ ಕೈ ತೊಳೆಸಿದಳು. ಪುಸ್ತಕ ತೆರೆದಾಗ ಕಂಡಿತು. ತೊಟ್ಟಿನಾಚೆ ಪ್ರತಿ ಪುಟದ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಕೆಂಪು ಗುರುತು. ತೊಟ್ಟಿನ ಈಚೆಗೆ ಒಂದೂ ಇಲ್ಲ. ಹೆಬ್ಬೆರಳನ್ನು ಆ ಗುರುತಿನ ಮೇಲೆಯೇ ಇಟ್ಟು ಓದಿದೆ. ಅಳತೆ ಸರಿಯಾಗಿಯೇ ಕೂಡುತ್ತಿತ್ತು, ನನ್ನದೇ ಬೆರಳಲ್ಲವೇ. ಓದು ಮುಗಿದ ಮೇಲೆ ತೊಟ್ಟನ್ನು ನಾನೇ ಇಟ್ಟು ಪುಸ್ತಕ ಮುಚ್ಚಿದೆ. ಗೆಳತಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಹೀಗೆ ನಾಲ್ಕು ದಿನ ನಡೆಸಿದೆ. ಎಲ್ಲರೂ ಎಂದಿನ ಹಾಗೆ ಬೊಗಸೆ ಬೊಗಸೆ ಕಾಯಿ ನನ್ನ ಬುಟ್ಟಿಗೆ ಹಾಕಿದರು. ಹಾಲಿನವಳು ತಂದ ಸುದ್ದಿಗೆ ಅವರ ಕೈಗಳು ನಿಂತವು, ಬಾಯಿ ತೆರೆದವು. ನನ್ನ ಕಣ್ಣು ಅಕ್ಷರದ ಮೇಲಿತ್ತು, ಮನಸ್ಸು ಅವರ ಮುಖದ ಮೇಲಿತ್ತು. ಅವರಿಗೆ ಇನ್ನೂ ಇತ್ತು, ನನಗೆ ಇರಲಿಲ್ಲ. ಒಂದೇ ರಾಶಿಗೆ ಕುಳಿತು ನಾನೊಬ್ಬಳು ಹೊರಗಿನವಳಾಗಿದ್ದೆ. ಮೂರನೆಯ ದಿನ ಗೆಳತಿ ಕಾಯಿ ಮುರಿಯುತ್ತಲೇ ಕೇಳಿದಳು.

"ನೀ ಯಾಕ ನಗೋದಕ್ಕಿಂತ ಮೊದಲ ನಕ್ಕಿ?"

"ಯಾವಾಗ?"

"ಈಗ. ಕಥ್ಯಾಗ ಆ ಮುದುಕ ಬಿದ್ದ ಅಂತ ಓದೋದಕ್ಕಿಂತ ಮೊದಲ ನಿನ್ನ ಮಾರಿ ನಕ್ಕಿತ್ತು."

"ನಿನಗ ಏನೇನೋ ಕಾಣತೈತಿ," ಎಂದೆ.

"ಓದಾಕ ಬರಂಗಿಲ್ಲ ನನಗ. ಮಾರಿ ನೋಡಾಕ ಬರತೈತಿ."

ನಾಲ್ಕನೆಯ ದಿನ ಓದು ಮುಗಿಯುವ ಹೊತ್ತಿಗೆ ಗುಮಾಸ್ತ ಚೀಲದ ಲೆಕ್ಕಕ್ಕೆ ನನ್ನನ್ನು ಕರೆದ. ಪುಸ್ತಕವನ್ನು ಮಗುಚಿಟ್ಟು ಎದ್ದೆ, ತೊಟ್ಟು ಇಡಲು ಮರೆತೆ. ತಿರುಗಿ ಬಂದಾಗ ಗೆಳತಿಯ ತೊಡೆಯ ಮೇಲೆ ಪುಸ್ತಕವಿತ್ತು. ಅವಳು ಕೈ ಸೆರಗಿಗೆ ಒರೆಸಿಕೊಂಡು, ಸೆರಗಿನ ತುದಿಯಿಂದಲೇ ಪುಟ ತಿರುವುತ್ತಿದ್ದಳು. ಒಂದು, ಎರಡು, ಮೂರು. ಕೊನೆಯವರೆಗೆ ಹೋದಳು. ಹಿಂದಕ್ಕೆ ಬಂದಳು. ಉಳಿದವರೂ ಕೈ ನಿಲ್ಲಿಸಿದ್ದರು.

"ಈ ಪುಟ ನಾವು ಓದೀವೇನು?" ಎಂದಳು.

"ಇಲ್ಲ."

"ಈ ಪುಟ?"

"ಇಲ್ಲ."

"ಇಲ್ಲಿ ಹೆಬ್ಬಟ್ಟು ಒತ್ತಿದವರು ಯಾರು? ನನಗ ಹೆಬ್ಬಟ್ಟು ಒಂದು ಚಲೋ ಓದಾಕ ಬರತೈತಿ ನೋಡು. ಜೀವನಪೂರ್ತಿ ಅದನ್ನ ಒತ್ತೇನಿ."

ಬೇಕಾದರೆ ಮೊಮ್ಮಗ ಪುಸ್ತಕ ಹಿಡಿದು ಆಡಿದ ಎನ್ನಬಹುದಿತ್ತು. ಆ ಸುಳ್ಳು ಬಾಯಿಗೂ ಬಂದಿತ್ತು. ಅವಳ ಮುಖ ನೋಡಿ ನುಂಗಿದೆ.

"ನಾನ. ಹಾವೇರಿಗೆ ಹೋದ ದಿನ ಎಲ್ಲಾ ಓದಿ ಮುಗಿಸೇನಿ."

ಶೆಡ್ಡಿನ ಆಚೆ ತಕ್ಕಡಿಯ ಸದ್ದು ಕೇಳುತ್ತಿತ್ತು. ಕೊನೆಗೆ ಮೂಲೆಯಲ್ಲಿದ್ದ ಒಬ್ಬಳು ಮೆಲ್ಲಗೆ, "ಹಂಗಾದ್ರ ಆ ಹುಡುಗಿ ಬರ್ತಾಳೇನ ಬೇ?" ಎಂದಳು. ಗೆಳತಿ ಅವಳ ಕಡೆ ತಿರುಗಿ ನೋಡಿದ್ದಷ್ಟೇ, ಅವಳು ಸೆರಗನ್ನು ಮೂಗಿಗೆ ಎಳೆದುಕೊಂಡಳು.

"ನಾಕು ದಿನ ನಾ ಕೈ ತೊಳಿಸೇನಿ ನಿನಗ," ಎಂದಳು ಗೆಳತಿ ನನಗೆ. "ಎಣ್ಣಿ ಹಚ್ಚೇನಿ. ಮಂದಿ ಬೊಗಸಿ ಹಾಕ್ಯಾರ. ನೀ ಉಂಡು ಕೈ ತೊಳಕೊಂಡ ತಾಟಿನ ಮುಂದ ಕುಂತು ಉಣ್ಣೋ ಹಂಗ ಮಾಡೀದಿ."

"ಹೌದು."

"ಒಬ್ಬಾಕಿನ ಓದಿದ್ಯಲ್ಲ. ರುಚಿ ಇತ್ತೇನು?"

ಇದ್ದದ್ದನ್ನೇ ಹೇಳಿದೆ. "ಭಾಳ ಇತ್ತು."

"ಮುಗದ ಮ್ಯಾಲ?"

"ಮುಗದ ಮ್ಯಾಲ ಏನೂ ಇರಲಿಲ್ಲ. ರಾಣೇಬೆನ್ನೂರ ಸ್ಟೇಷನ್ ಇತ್ತು."

ಅವಳ ತುಟಿ ಒಂದು ಕಡೆ ಅಲುಗಿತು. ನಗುವೋ ಸಿಟ್ಟೋ ತಿಳಿಯಲಿಲ್ಲ. ನಾನು ಸರಿಪಡಿಸಲು ನೋಡಿದೆ. ಹೇಗೂ ಗೊತ್ತಾಗಿದೆ, ಕೊನೆಯದನ್ನು ಬಾಯಲ್ಲಿ ಹೇಳಿಬಿಡಲೇನು ಎಂದು ಕೇಳಿದೆ.

"ಹೇಳಿದ್ರ ಈ ಬುಟ್ಟಿ ಕಾಯಿ ನಿನ್ನ ತಲೀಮ್ಯಾಲ ಸುರಿತೇನಿ," ಎಂದಳು. "ನಿಂದು ಮುಗದೈತಿ. ನಮ್ಮದು ಮುಗದಿಲ್ಲ. ನಮ್ಮದನ್ನ ನೀ ಮುಗಸಬ್ಯಾಡ."

ಆಮೇಲೆ ಮಸೀದಿ ಓಣಿಯ ಸೊಸೆಯ ಕಡೆ ತಿರುಗಿದಳು.

"ಏ ಹುಡುಗಿ, ನಾಳಿಂದ ನೀ ಓದು."

ಆ ಹುಡುಗಿ ಗಾಬರಿಯಾದಳು. "ನನ್ನ ಓದು ಭಾಳ ಸಾವಕಾಶ ಐತ್ರಿ, ಅಕ್ಕಾ. ಒತ್ತಕ್ಷರ ಬಂದಲ್ಲಿ ನಿಂತ ಬಿಡ್ತೇನಿ. ಹಿಂಗಾದ್ರ ಯುಗಾದಿಗೆ ಮುಗಿಯಂಗಿಲ್ರಿ."

"ಮುಗೀಲಿಲ್ಲಾಂದ್ರ ಮುಗೀಲಿಲ್ಲ. ಮುಂದಿನ ವರ್ಸ ಕಾಯಿ ಬರಂಗಿಲ್ಲೇನು?"

ನನಗೆ ಏನು ಶಿಕ್ಷೆ ಎಂದು ಯಾರೂ ಹೇಳಲಿಲ್ಲ. ಹೇಳುವುದು ಬೇಕಾಗಿರಲಿಲ್ಲ. ಇಪ್ಪತ್ತು ಸುಗ್ಗಿಯಲ್ಲಿ ನನ್ನ ಕೈಯಲ್ಲಿದ್ದ ಒಂದೇ ಒಂದು ಹೆಚ್ಚುಗಾರಿಕೆ ಆ ಓದು. ಅದು ಹೋಯಿತು. ಅವತ್ತು ಉಳಿದ ಹೊತ್ತೆಲ್ಲ ಅವಳು ನನ್ನ ಎದುರಿಗೆ ಕುಳಿತು, ನನ್ನನ್ನು ಬಿಟ್ಟು ಎಲ್ಲರ ಜೊತೆ ಮಾತಾಡಿದಳು. ಸಂಜೆ ಏಳುವಾಗ ಪುಸ್ತಕ ಅವಳ ಚೀಲಕ್ಕೆ ಹೋಯಿತು. ಓದು ಬಾರದವಳ ಮನೆಯಷ್ಟು ಭದ್ರ ಜಾಗ ಅದಕ್ಕೆ ಬೇರೆ ಇರಲಿಲ್ಲ.

ಮನೆಗೆ ಹೋಗಿ ಮುಖ ಸಣ್ಣ ಮಾಡಿಕೊಂಡು ಕುಳಿತೆ ಎಂದೇನೂ ಇಲ್ಲ. ರೊಟ್ಟಿ ಬಡಿದೆ, ಉಂಡೆ, ಮಲಗಿದೆ. ಸಿಟ್ಟು ಬಂದಿತ್ತು, ನನ್ನ ಮೇಲೇ. ಕದ್ದು ಓದಿದ್ದಕ್ಕಲ್ಲ. ಅಷ್ಟು ಒಳ್ಳೆಯದನ್ನು ಅಷ್ಟು ಅವಸರದಲ್ಲಿ ಓದಿದ್ದಕ್ಕೆ. ಆ ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ಇವತ್ತು ಕೇಳಿದರೂ ನಾನು ಎರಡನೆಯದೇ ಅನ್ನುತ್ತೇನೆ. ಗೆಳತಿ ಒಪ್ಪುವುದಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋದೆ. ಮನೆಯಿಂದ ಒಂದು ಗಿಂಡಿ ಮಜ್ಜಿಗೆ, ಸಣ್ಣ ಬಾಟಲಿಯಲ್ಲಿ ಎಣ್ಣೆ ಒಯ್ದಿದ್ದೆ. ಮಸೀದಿ ಓಣಿಯ ಹುಡುಗಿ ಬಂದು ಕುಳಿತ ಮೇಲೆ ನಾನೇ ಅವಳ ಕೈಗೆ ಎಣ್ಣೆ ತಿಕ್ಕಿ, ಮಜ್ಜಿಗೆ ಹಾಕಿ, ನೀರು ಸುರಿದೆ. ಬ್ಯಾಡ್ರಿ ಆಯಿ ಎಂದಳು. ಸುಮ್ಮನಿರು ಎಂದೆ. ಗೆಳತಿ ಚೀಲದಿಂದ ಪುಸ್ತಕ ತೆಗೆದು ಅವಳ ಕೈಗಿಟ್ಟಳು, ತೊಟ್ಟು ಇದ್ದ ಪುಟ ತೆರೆದುಕೊಟ್ಟಳು. ನಾನು ರಾಶಿಗೆ ಕುಳಿತು ಕಾಯಿ ಎತ್ತಿಕೊಂಡೆ.

ಅವಳ ಓದು ಅವಳು ಹೇಳಿದ್ದಕ್ಕಿಂತ ಸಾವಕಾಶ. ಒಂದು ಶಬ್ದ, ನಿಲ್ಲುವುದು, ಇನ್ನೊಂದು ಶಬ್ದ. ಒತ್ತಕ್ಷರ ಬಂದಲ್ಲಿ ಗಾಡಿ ಸಿಗ್ನಲ್ಲಿಗೆ ನಿಂತ ಹಾಗೆ ನಿಲ್ಲುತ್ತಿದ್ದಳು. ಮುಂದಿನ ಶಬ್ದ ನನ್ನ ಬಾಯಿಯ ತುದಿಯಲ್ಲಿತ್ತು.

"ತುಟಿ ಅಲಗಾಡಾಕತ್ತಾವ ನಿನ್ನವು," ಎಂದಳು ಗೆಳತಿ ಕಾಯಿಯಿಂದ ಕಣ್ಣೆತ್ತದೆ. ನಿನ್ನೆಯಿಂದ ನನಗೆ ಹೇಳಿದ ಮೊದಲ ಮಾತು.

ತುಟಿ ಮುಚ್ಚಿದೆ. ಹುಡುಗಿ ಓದಿದಳು: ದರ್ಜಿ ಹೆಂಗಸು ಪೆಟ್ಟಿಗೆ ತೆರೆದಳು. ಹಸಿರು ಕುಪ್ಪಸ ತೆಗೆದಳು. ಪಕ್ಕದ ಹೊಲಿಗೆ ಬಿಚ್ಚಿದಳು. ಇದು ನಾನು ಓದಿದ್ದೇ, ನೆಟ್ಟಗೆ ನೆನಪಿತ್ತು. ಹುಡುಗಿ ನಿಂತಳು, ಬೆರಳಿಟ್ಟು ಅಕ್ಷರ ಕೂಡಿಸಿದಳು, ಮುಂದಿನ ಸಾಲು ಓದಿದಳು: ಬಿಚ್ಚಿದ ದಾರವನ್ನು ಅವಳು ಎಸೆಯಲಿಲ್ಲ, ತಿರುಗಿ ಉಂಡೆಗೆ ಸುತ್ತಿಟ್ಟಳು.

ಆ ದಾರ ನನಗೆ ನೆನಪಿರಲಿಲ್ಲ. ಆ ಪುಟದ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಗುರುತು ಇತ್ತು, ಇಲ್ಲಿಂದಲೇ ಕಾಣುತ್ತಿತ್ತು. ಅಂದರೆ ಆ ಸಾಲಿನ ಮೇಲೆ ಹಾದುಹೋಗಿದ್ದೇನೆ. ಹಾದುಹೋದದ್ದು ಮಾತ್ರ.

"ಆ ಸಾಲು ಇನ್ನೊಮ್ಮಿ ಓದ ಬೇ," ಎಂದೆ.

ಗೆಳತಿ ಈಗ ತಲೆ ಎತ್ತಿದಳು. "ಯಾಕ? ಯಾರೂ ಸೀನಲಿಲ್ಲಲ್ಲ."

"ನನಗ ಕೇಳಿಸಿಲ್ಲ."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹುಡುಗಿಗೆ, "ಓದು, ಓದು. ಈಕಿಗೆ ಕಿವಿ ಮಂದ," ಎಂದಳು. ಸೊಂಟದ ಸಂಚಿ ಬಿಚ್ಚಿ ಒಂದು ಎಲೆ, ಚೂರು ಅಡಿಕೆ ನನ್ನ ಕಡೆ ಚಾಚಿದಳು. "ಬಾಯಾಗ ಹಾಕ್ಕೋ. ತುಟಿ ಸುಮ್ನ ಇರ್ತಾವ."

ಎಲೆ ಬಾಯಿಗೆ ಹಾಕಿಕೊಂಡೆ. ಹುಡುಗಿ ಅದೇ ಸಾಲನ್ನು ಮೊದಲಿನಿಂದ ಅಕ್ಷರ ಕೂಡಿಸತೊಡಗಿದಳು. ನಾನು ಬಿಡಿಸಿದ ಕಾಯಿಯಲ್ಲಿ ಒಂದು ಬೊಗಸೆ ತುಂಬಿ ಅವಳ ಬುಟ್ಟಿಗೆ ಹಾಕಿ, ರಾಶಿಗೆ ಕೈ ನೀಡಿದೆ.